ಉಪ್ಪಿನ ಸರೋವರದ ದಡದಲ್ಲಿ ಒಬ್ಬ ಸಹಾಬಿ ವನಿತೆ

ಮೆಡಿಟರೇನಿಯನ್ ಸಮುದ್ರದ ಪೂರ್ವ ಭಾಗದಲ್ಲಿ ಸೈಪ್ರಸ್ ಎಂಬ ದ್ವೀಪವಿದೆ. ಅದರ ಕರಾವಳಿಯ ಒಂದು ಪಟ್ಟಣ ಲಾರ್ನಾಕ. ವಿಮಾನ ನಿಲ್ದಾಣದಿಂದ ಹೊರಬಂದು ಪಟ್ಟಣದ ಕಡೆಗೆ ಹೊರಟರೆ ವಿಶಾಲವಾದ ಒಂದು ಉಪ್ಪಿನ ಸರೋವರ ನಿಮಗೆ ಎದುರಾಗುತ್ತದೆ. ಬೇಸಿಗೆಯಲ್ಲಿ ಅದು ಬತ್ತಿ, ನೆಲವೆಲ್ಲ ಉಪ್ಪಿನಿಂದ ಬೆಳ್ಳಗಾಗಿರುತ್ತದೆ. ಚಳಿಗಾಲದಲ್ಲಿ ನೀರು ತುಂಬಿದಾಗ ಗುಲಾಬಿ ಬಣ್ಣದ ಫ್ಲೆಮಿಂಗೋ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತವೆ. ಆಚೆ ದಡದಲ್ಲಿ, ಖರ್ಜೂರದ ಮರಗಳ ನಡುವೆ ಒಂದು ಗುಮ್ಮಟ ಮತ್ತು ಒಂದು ಮಿನಾರ ಕಾಣುತ್ತವೆ. ಅದೇ ಹಾಲಾ ಸುಲ್ತಾನ್ ತೆಕ್ಕೆ. ಪ್ರವಾದಿ ಮುಹಮ್ಮದ್(ಸ)ರ ಕಾಲದ ಓರ್ವ ಮಹಿಳೆ, ಹಝ್ರತ್ ಉಮ್ಮು ಹರಾಮ್ ಬಿಂತ್ ಮಿಲ್ಹಾನ್(ರ) ಇಲ್ಲಿ ಮಲಗಿದ್ದಾರೆಂದು ನಂಬಲಾಗಿದೆ.

ಮದೀನಾದ ಮಹಿಳೆಯ ಸಮಾಧಿ ಇಷ್ಟು ದೂರದ ದ್ವೀಪದಲ್ಲೇಕೆ ಎಂದು ನೀವು ಕೇಳಬಹುದು. ಉತ್ತರ ಅವರು ಮಾಡಿದ ಒಂದು ಬೇಡಿಕೆಯಲ್ಲಿದೆ.

ಕುಬಾದ ಮನೆಯಲ್ಲಿ ಒಂದು ಮಧ್ಯಾಹ್ನ

ಉಮ್ಮು ಹರಾಮ್(ರ) ಅನ್ಸಾರ್‌ಗಳ ಬನೂ ನಜ್ಜಾರ್ ಗೋತ್ರದವರು. ಪ್ರವಾದಿ(ಸ)ರ ಸೇವೆಯಲ್ಲಿ ಹತ್ತು ವರ್ಷ ಕಳೆದ ಅನಸ್ ಬಿನ್ ಮಾಲಿಕ್(ರ)ರ ತಾಯಿ ಉಮ್ಮು ಸುಲೈಮ್(ರ) ಇವರ ಸಹೋದರಿ. ಬಿಅರ್ ಮಊನಾದ ದುರಂತದಲ್ಲಿ ಹುತಾತ್ಮರಾದ ಹರಾಮ್ ಬಿನ್ ಮಿಲ್ಹಾನ್(ರ) ಇವರ ಸಹೋದರ. ಪತಿ ಉಬಾದಾ ಬಿನ್ ಸಾಮಿತ್(ರ) ಬದ್ರ್‌ನಲ್ಲಿ ಭಾಗವಹಿಸಿದ ಹಿರಿಯ ಸಹಾಬಿ.

ಪ್ರವಾದಿ(ಸ) ಕುಬಾಕ್ಕೆ ಹೋದಾಗ ಇವರ ಮನೆಗೆ ಭೇಟಿ ನೀಡುತ್ತಿದ್ದರು. ಅವರು ಪ್ರವಾದಿಯವರಿಗೆ ಮಹ್ರಮ್ ಆಗಿದ್ದರು ಎಂದು ವಿದ್ವಾಂಸರು ವಿವರಿಸಿದ್ದಾರೆ. ಒಂದು ದಿನ ಪ್ರವಾದಿ(ಸ) ಅಲ್ಲಿ ಊಟ ಮಾಡಿ ಸ್ವಲ್ಪ ಹೊತ್ತು ಮಲಗಿದರು. ಎಚ್ಚರವಾದಾಗ ಮುಖದಲ್ಲಿ ಮಂದಹಾಸವಿತ್ತು. ನಗುವಿಗೆ ಕಾರಣವೇನೆಂದು ಉಮ್ಮು ಹರಾಮ್(ರ) ವಿಚಾರಿಸಿದರು. ತನ್ನ ಸಮುದಾಯದ ಒಂದು ತಂಡ ಅಲ್ಲಾಹನ ಮಾರ್ಗದಲ್ಲಿ ಕಡಲ ಮೇಲೆ ಪಯಣಿಸುವುದನ್ನು ಕನಸಿನಲ್ಲಿ ಕಂಡೆನೆಂದೂ, ಅವರು ಸಿಂಹಾಸನದಲ್ಲಿ ಕುಳಿತ ಅರಸರಂತೆ ಕಾಣುತ್ತಿದ್ದರೆಂದೂ ಪ್ರವಾದಿ(ಸ) ತಿಳಿಸಿದರು.

ಆಗ ಉಮ್ಮು ಹರಾಮ್(ರ) ತಡಮಾಡಲಿಲ್ಲ. ತನ್ನನ್ನೂ ಆ ತಂಡದಲ್ಲಿ ಸೇರಿಸುವಂತೆ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಪ್ರವಾದಿ(ಸ) ಪ್ರಾರ್ಥಿಸಿದರು. ಪುನಃ ಮಲಗಿ, ಪುನಃ ನಗುತ್ತಾ ಎದ್ದರು. ಈ ಸಲ ಇನ್ನೊಂದು ತಂಡದ ಕುರಿತು ತಿಳಿಸಿದರು. ಉಮ್ಮು ಹರಾಮ್(ರ) ಅದರಲ್ಲೂ ಸೇರಬಯಸಿದರು. ಅವರು ಮೊದಲ ತಂಡದವರಲ್ಲಿ ಸೇರಿದ್ದಾರೆ ಎಂಬ ಉತ್ತರ ದೊರೆಯಿತು. ಸಹೀಹ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಈ ಘಟನೆ ಉಲ್ಲೇಖಗೊಂಡಿದೆ.

ಕಾಯುವಿಕೆಯ ವರ್ಷಗಳು

ಆಗ ಮುಸ್ಲಿಮರ ಬಳಿ ಒಂದು ಯುದ್ಧನೌಕೆಯೂ ಇರಲಿಲ್ಲ. 632ರಲ್ಲಿ ಪ್ರವಾದಿ(ಸ) ನಿಧನರಾದರು. ಅಬೂಬಕರ್(ರ)ರ ಆಡಳಿತ ಮುಗಿಯಿತು. ಉಮರ್(ರ)ರ ಕಾಲದಲ್ಲಿ ಸಿರಿಯಾದ ಗವರ್ನರ್ ಮುಆವಿಯಾ(ರ) ಸಮುದ್ರಯಾನಕ್ಕೆ ಅನುಮತಿ ಕೇಳಿದರು. ಜನರನ್ನು ಕಡಲಿನ ಅಪಾಯಕ್ಕೆ ಒಡ್ಡಲು ಉಮರ್(ರ) ಒಪ್ಪಲಿಲ್ಲ. ಮೂರನೆಯ ಖಲೀಫಾ ಉಸ್ಮಾನ್(ರ) ಅನುಮತಿ ನೀಡಿದರು. ಆದರೆ ಯಾರನ್ನೂ ಬಲವಂತದಿಂದ ಹಡಗು ಹತ್ತಿಸಬಾರದು, ಮುಆವಿಯಾ(ರ) ತನ್ನ ಪತ್ನಿಯನ್ನೂ ಜೊತೆಗೆ ಕರೆದೊಯ್ಯಬೇಕು ಎಂಬ ಷರತ್ತು ವಿಧಿಸಿದರು ಎಂದು ಇತಿಹಾಸಕಾರರು ಬರೆದಿದ್ದಾರೆ.

ಹಿಜರಿ 28ರ ಸುಮಾರಿಗೆ, ಅಂದರೆ ಕ್ರಿ.ಶ. 648-49ರಲ್ಲಿ, ಅಕ್ಕಾ ಬಂದರಿನಿಂದ ಹಡಗುಗಳು ಸೈಪ್ರಸ್‌ಗೆ ಹೊರಟವು. ಉಬಾದಾ(ರ)ರ ಜೊತೆಗೆ ಉಮ್ಮು ಹರಾಮ್(ರ) ಕೂಡ ಹಡಗು ಹತ್ತಿದರು. ಲೆಕ್ಕ ಹಾಕಿ ನೋಡಿ: ಆ ಪ್ರಾರ್ಥನೆಯ ಬಳಿಕ ಕನಿಷ್ಠ 16 ವರ್ಷಗಳು ಕಳೆದಿದ್ದವು. ಸಹೋದರಿಯ ಮಗ ಅನಸ್(ರ)ರಿಗೇ ಆಗ 35 ದಾಟಿತ್ತು. ಅಂದರೆ ಅವರು ಎಳೆಯ ಪ್ರಾಯದವರಾಗಿರಲಿಲ್ಲ. ಆದರೂ ಹಳೆಯ ಬಯಕೆ ಅವರಲ್ಲಿ ಹಾಗೆಯೇ ಉಳಿದಿತ್ತು.

ದ್ವೀಪದ ಜನರು ಕಪ್ಪ ಕೊಡಲು ಒಪ್ಪಿ ಸಂಧಿ ಮಾಡಿಕೊಂಡರು. ಉಮ್ಮು ಹರಾಮ್(ರ) ಮಾತ್ರ ಮನೆಗೆ ಮರಳಲಿಲ್ಲ. ಏರಲೆಂದು ತಂದ ಪ್ರಾಣಿಯ ಮೇಲಿಂದ ಬಿದ್ದು ಮೃತರಾದರು. ಅವರನ್ನು ಸೈಪ್ರಸ್‌ನಲ್ಲೇ ದಫನ ಮಾಡಲಾಯಿತು. ಸ್ಥಳೀಯರು ಆ ಕಬರನ್ನು 'ಸಜ್ಜನ ಮಹಿಳೆಯ ಕಬರ್' ಎಂದು ಕರೆಯುತ್ತಿದ್ದರೆಂದು ಒಂಬತ್ತನೆಯ ಶತಮಾನದ ಇತಿಹಾಸಕಾರ ಬಲಾದುರಿ ಬರೆದಿದ್ದಾರೆ.

ತೆಕ್ಕೆಯ ಒಳಗೆ

ತುರ್ಕಿ ಭಾಷೆಯಲ್ಲಿ 'ಹಾಲಾ' ಎಂದರೆ ತಂದೆಯ ಸಹೋದರಿ. ಪ್ರವಾದಿ(ಸ)ರ ಬಂಧು ಎಂಬ ಗೌರವದಿಂದ ತುರ್ಕಿಯರು ಅವರನ್ನು ಹಾಲಾ ಸುಲ್ತಾನ್ ಎಂದರು. ಇಲ್ಲಿ ಮೊದಲ ಕಟ್ಟಡ ಎದ್ದದ್ದು 18ನೆಯ ಶತಮಾನದಲ್ಲಿ. ಈಗಿರುವ ಮಸೀದಿ 19ನೆಯ ಶತಮಾನದ ಆರಂಭದ್ದು. ಚಪ್ಪಲಿ ಕಳಚಿ ಒಳಗೆ ಹೋದರೆ ಸರಳವಾದ ಪ್ರಾರ್ಥನಾ ಕೋಣೆ, ಅದರ ಹಿಂದೆ ಹಸಿರು ಬಟ್ಟೆ ಹೊದಿಸಿದ ಗೋರಿ. ಗೋರಿಯ ಸುತ್ತ ಭಾರಿ ಗಾತ್ರದ ಬಂಡೆಗಳಿವೆ. ಈ ಬಂಡೆಗಳು ದೂರದಿಂದ ಹಾರಿ ಬಂದವೆಂಬ ಕಥೆಗಳು ಜನರ ಬಾಯಲ್ಲಿವೆ. ಆದರೆ ಉಮ್ಮು ಹರಾಮ್(ರ)ರ ಮಹಿಮೆಗೆ ಇಂತಹ ಕಥೆಗಳ ಅಗತ್ಯವಿಲ್ಲ.

ಅದೇ ಕಟ್ಟಡದಲ್ಲಿ ಅಮೃತಶಿಲೆಯ ಇನ್ನೊಂದು ಗೋರಿ ಇದೆ. ಅದು ಮಕ್ಕಾದ ಶರೀಫ್ ಹುಸೈನ್‌ರ ಪತ್ನಿಯದ್ದು. ಹಿಜಾಝ್‌ನ ಸಿಂಹಾಸನ ಕಳಕೊಂಡ ಹುಸೈನ್ 1925ರಿಂದ ಈ ದ್ವೀಪದಲ್ಲಿ ದೇಶಭ್ರಷ್ಟರಾಗಿ ಬದುಕಿದರು. 1929ರಲ್ಲಿ ಅವರ ಪತ್ನಿ ಇಲ್ಲಿ ತೀರಿಕೊಂಡರು. ಜಗತ್ತಿನ ಸಿಂಹಾಸನ ಎಷ್ಟು ಬೇಗ ಕೈಬಿಡುತ್ತದೆ ಎಂಬುದನ್ನು ಆ ಗೋರಿಯ ಮುಂದೆ ನಿಂತಾಗ ನೆನೆಯದಿರಲು ಸಾಧ್ಯವಿಲ್ಲ.

ನೀರು ತಂದ ಪಾಶಾ

ಸರೋವರದಿಂದ ಪಟ್ಟಣದತ್ತ ಬರುವಾಗ ಸಾಲಾಗಿ ನಿಂತ ಕಲ್ಲಿನ ಕಮಾನುಗಳು ಕಾಣುತ್ತವೆ. ಉಸ್ಮಾನಿಯಾ ಗವರ್ನರ್ ಅಬೂಬಕರ್ ಪಾಶಾ 18ನೆಯ ಶತಮಾನದ ಮಧ್ಯಭಾಗದಲ್ಲಿ ಕಟ್ಟಿಸಿದ ನೀರಿನ ಕಾಲುವೆಯಿದು. ಲಾರ್ನಾಕದ ಜನರು ಕುಡಿಯುವ ನೀರಿಗೆ ಪಡುತ್ತಿದ್ದ ಪಾಡನ್ನು ಕಂಡು ಅವರು ಸ್ವಂತ ಹಣದಿಂದ ದೂರದ ನೀರನ್ನು ಊರಿಗೆ ತರಿಸಿದರು. 20ನೆಯ ಶತಮಾನದವರೆಗೂ ಈ ನೀರು ಮುಸ್ಲಿಮರಿಗೂ ಕ್ರೈಸ್ತರಿಗೂ ಸಮಾನವಾಗಿ ಹರಿಯಿತು. ಸದಕಾ ಜಾರಿಯಾ ಎಂದರೇನೆಂದು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಪಟ್ಟಣದ ಸಮುದ್ರ ತೀರದಲ್ಲಿ ಹಳೆಯ ಕೋಟೆ, ಅದರ ಎದುರು ದೊಡ್ಡ ಮಸೀದಿ ಇದೆ. ಅಲ್ಲಿಂದ ಸ್ವಲ್ಪ ನಡೆದರೆ ಸೈಂಟ್ ಲಾಝರಸ್ ಚರ್ಚ್. ಈಸಾ(ಅ)ರು ಜೀವಂತಗೊಳಿಸಿದ ಲಾಝರಸ್ ಬಳಿಕ ಈ ಊರಿಗೆ ಬಂದು ನೆಲೆಸಿದರೆಂಬುದು ಕ್ರೈಸ್ತರ ನಂಬಿಕೆ. ಪವಿತ್ರ ಕುರ್‌ಆನ್ ಆ ಹೆಸರನ್ನು ಹೇಳುವುದಿಲ್ಲ. ಆದರೆ ಈಸಾ(ಅ) ಅಲ್ಲಾಹನ ಅನುಮತಿಯಿಂದ ಮೃತರನ್ನು ಜೀವಂತಗೊಳಿಸಿದ್ದನ್ನು ಅದು ತಿಳಿಸುತ್ತದೆ.

ಒಡೆದ ದ್ವೀಪ

1974ರಲ್ಲಿ ಸೈಪ್ರಸ್ ಎರಡು ಹೋಳಾಯಿತು. ಲಾರ್ನಾಕದ ತುರ್ಕಿ ಮುಸ್ಲಿಮರು ಮನೆಮಾರು ಬಿಟ್ಟು ಉತ್ತರಕ್ಕೆ ಹೋದರು. ಉತ್ತರದ ಗ್ರೀಕ್ ಕ್ರೈಸ್ತರು ಎಲ್ಲವನ್ನೂ ತೊರೆದು ದಕ್ಷಿಣಕ್ಕೆ ಬಂದರು. ತೆಕ್ಕೆ ದಕ್ಷಿಣದಲ್ಲಿ ಉಳಿಯಿತು. ತಲೆತಲಾಂತರದಿಂದ ಅಲ್ಲಿಗೆ ಬರುತ್ತಿದ್ದ ಕುಟುಂಬಗಳಿಗೆ ಸುಮಾರು ಮೂರು ದಶಕಗಳ ಕಾಲ ದಾರಿ ಮುಚ್ಚಿತ್ತು. 2003ರ ಎಪ್ರಿಲ್‌ನಲ್ಲಿ ಗಡಿಯ ದ್ವಾರಗಳು ತೆರೆದವು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ತೆಕ್ಕೆಯ ದುರಸ್ತಿಯೂ ನಡೆಯಿತು. ಹುಟ್ಟಿದ ಊರಿನ ಮಸೀದಿಯಲ್ಲಿ ಎರಡು ರಕಅತ್ ನಮಾಝ್ ಮಾಡಲು ಅಷ್ಟು ವರ್ಷ ಕಾದವರ ಮನಸ್ಸು ಹೇಗಿದ್ದೀತು, ನೀವೇ ಊಹಿಸಿ.

ನಾವು ತರಬೇಕಾದದ್ದು

ಸಹೋದರಿಯರೇ, ನಮ್ಮಲ್ಲಿ ಹೆಚ್ಚಿನವರಿಗೆ ಲಾರ್ನಾಕಕ್ಕೆ ಹೋಗುವ ಅವಕಾಶ ಸಿಗದಿರಬಹುದು. ಕಬರ್ ಸಂದರ್ಶನದ ಉದ್ದೇಶ ಪರಲೋಕವನ್ನು ನೆನೆಯುವುದು. ಅಲ್ಲಿ ಮಲಗಿದವರಿಗಾಗಿ ನಾವು ಪ್ರಾರ್ಥಿಸಬೇಕೇ ಹೊರತು ಅವರಲ್ಲಿ ನಾವು ಬೇಡುವುದಲ್ಲ. ಉಮ್ಮು ಹರಾಮ್(ರ) ಕೂಡ ಬೇಡಿದ್ದು ಅಲ್ಲಾಹನಲ್ಲಿ.

ಆದರೆ ಅವರಿಂದ ಕಲಿಯುವುದಕ್ಕೆ ವಿಮಾನ ಹತ್ತಬೇಕಾಗಿಲ್ಲ. ಒಂದು ಒಳ್ಳೆಯ ಕಾರ್ಯದ ಸುದ್ದಿ ಕಿವಿಗೆ ಬಿದ್ದಾಗ ಅದು ಗಂಡಸರಿಗೆ, ಪ್ರಾಯದವರಿಗೆ, ಅನುಕೂಲಸ್ಥರಿಗೆ ಎಂದು ಅವರು ಸುಮ್ಮನಾಗಲಿಲ್ಲ. ನಾನೂ ಇರಬೇಕು ಎಂದು ಕೇಳಿದರು. ಕೇಳಿದ ಬಳಿಕ ವರ್ಷಗಟ್ಟಲೆ ಕಾದರು. ಅವಕಾಶ ಬಂದಾಗ ಪ್ರಾಯವನ್ನು ನೆಪವಾಗಿಸಲಿಲ್ಲ.

ನಮ್ಮ ಊರಿನಲ್ಲಿ ಬಡ ಮಕ್ಕಳ ಶಿಕ್ಷಣದ ಬಗ್ಗೆ, ರೋಗಿಗಳ ಆರೈಕೆಯ ಬಗ್ಗೆ, ನೀರಿಲ್ಲದ ಓಣಿಗೆ ಒಂದು ಬಾವಿ ತೋಡಿಸುವ ಬಗ್ಗೆ ಹಜಾರದಲ್ಲಿ ಮಾತುಕತೆ ನಡೆಯುತ್ತಿರುತ್ತದೆ. ನಾವು ಅಡುಗೆ ಮನೆಯಿಂದ ಚಹಾ ಕಳಿಸಿ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಮುಂದಿನ ಸಲ ಅಂತಹ ಮಾತು ಕೇಳಿಸಿದಾಗ ಉಪ್ಪಿನ ಸರೋವರದ ದಡದ ಆ ಕಬರನ್ನು ನೆನಪಿಸಿಕೊಳ್ಳಿ. ಬಾಗಿಲ ಬಳಿ ಬಂದು, ಆ ಕೆಲಸದಲ್ಲಿ ನಾನೂ ಇದ್ದೇನೆ ಎಂದು ಹೇಳಿ.