ಗುರ್ಲಾಪುರ ಕ್ರಾಸಿನಲ್ಲಿ ಹುಟ್ಟಿದ ದರ

ಟನ್ ಕಬ್ಬಿಗೆ 3,300 ರೂಪಾಯಿ. 2025ರ ನವೆಂಬರ್ 7ರಂದು ಈ ದರವನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದ್ದು ಬೆಂಗಳೂರಿನಲ್ಲಿ. ಅದು ರೂಪುಗೊಂಡದ್ದು ಮಾತ್ರ ಬೆಳಗಾವಿ ಜಿಲ್ಲೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ, ಅಕ್ಟೋಬರ್ 30ರಿಂದ ರಸ್ತೆ ಮೇಲೆ ಕೂತಿದ್ದ ರೈತರ ನಡುವೆ. ಅವರು ಕೇಳಿದ್ದು 3,500. ಜಿಲ್ಲಾಡಳಿತದ ಸಂಧಾನದಲ್ಲಿ ಕಾರ್ಖಾನೆಗಳು ಬಂದು ನಿಂತದ್ದು 3,200ಕ್ಕೆ. ಅದರ ಮೇಲೆ ಕಾರ್ಖಾನೆಯವರದು 50, ಸರ್ಕಾರದ್ದು 50.

ಒಂದೇ ಬೆಳೆ, ಒಂದೇ ಬೇಡಿಕೆ, ಹಾಗಾಗಿ ಎಲ್ಲರದೂ ಒಂದೇ ಮನಸ್ಸು ಎಂದು ದೂರದವರು ತಿಳಿಯುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಲಗಳಲ್ಲಿ ಪರಿಸ್ಥಿತಿ ಹಾಗಿಲ್ಲ. ಕಬ್ಬು ಬಲಿತು ನಿಂತವನಿಗೆ ಕಾರ್ಖಾನೆ ಬಂದಾದ ಪ್ರತಿ ದಿನವೂ ನಷ್ಟ. ತಡವಾದರೆ ಕಬ್ಬು ಹೂಬಿಟ್ಟು ಬೆಂಡಾಗುತ್ತದೆ, ಕಾಟಾದ ಮೇಲೆ ತೂಕ ಇಳಿಯುತ್ತದೆ, ಹಿಂಗಾರಿಗೆ ಹೊಲ ಖಾಲಿಯಾಗುವುದಿಲ್ಲ. ಮುಂಗಡ ಪಡೆದು ಬಂದ ಕಡಿಯುವ ಗ್ಯಾಂಗು ಸುಮ್ಮನೆ ಕೂತಿರುತ್ತದೆ. ತಡವಾಗಿ ನಾಟಿ ಮಾಡಿದವನು ಇನ್ನೂ ಎರಡು ತಿಂಗಳು ಕಾಯಬಲ್ಲ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ ಸಹಕಾರಿ ಕಾರ್ಖಾನೆಗಳ ಷೇರು ಇರುವವನು ಒಂದು ಲೆಕ್ಕಕ್ಕೆ ಕಾರ್ಖಾನೆಯ ಮಾಲೀಕನೂ ಹೌದು, ಖಾಸಗಿಗೆ ಕಬ್ಬು ಹಾಕುವವನಿಗೆ ಆ ಹಂಗಿಲ್ಲ. ‘ಇನ್ನೂ ನಾಲ್ಕು ದಿನ ಕೂಡೋಣ’ ಎನ್ನುವವನೂ ‘ಇಷ್ಟಕ್ಕೆ ಮುಗಿಸೋಣ’ ಎನ್ನುವವನೂ ಒಂದೇ ಹಸಿರು ಶಾಲು ಹೊದ್ದಿರುತ್ತಾರೆ. ಇಬ್ಬರೂ ಪ್ರಾಮಾಣಿಕರೇ.

ಈ ಒಡಕನ್ನು ಹೆಚ್ಚಿಸುವುದು ದರದ ಲೆಕ್ಕ. ಕೇಂದ್ರ ಸರ್ಕಾರ 2025–26ಕ್ಕೆ ನಿಗದಿಪಡಿಸಿದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) ಕ್ವಿಂಟಲಿಗೆ 355 ರೂಪಾಯಿ, ಅದೂ ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ, ಶೇ 10.25 ಇದ್ದರೆ. ಅದಕ್ಕಿಂತ ಪ್ರತಿ 0.1 ಹೆಚ್ಚಾದಾಗ 3.46 ರೂಪಾಯಿ ಕೂಡುತ್ತದೆ. ಶೇ 11.25 ಬಂದರೆ ಟನ್ನಿಗೆ 3,896 ರೂಪಾಯಿ. ಆದರೆ ಕಡಿಯುವ, ಸಾಗಿಸುವ ಖರ್ಚು ಮುರಿದುಕೊಂಡ ಮೇಲೆ ರೈತನ ಖಾತೆಗೆ ಬೀಳುವುದು ಬೇರೆ ಅಂಕಿ; ಕೇಳಿದ 3,500, ಸಿಕ್ಕ 3,300 ಆ ಲೆಕ್ಕದವು. ರಿಕವರಿ ಅಳೆಯುವುದು ಕಾರ್ಖಾನೆ. ಆ ಅಳತೆಯ ಮೇಲೆ ರೈತನಿಗೆ ನಂಬಿಕೆ ಇಲ್ಲದಿರುವುದೇ ಈ ಜಗಳದ ಬೇರು ಎಂದು ನಾನು ತಿಳಿದಿದ್ದೇನೆ. ಕಾರ್ಖಾನೆಗಳೂ ತಮ್ಮ ಕಷ್ಟ ಹೇಳಿಕೊಂಡವು: ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರಿಂದ ಕಿಲೋಗೆ 31 ರೂಪಾಯಿಯಲ್ಲೇ ನಿಂತಿತ್ತು. ಈ ಮಾತನ್ನು ತಳ್ಳಿಹಾಕುವಂತಿಲ್ಲ.

ಸಂಘಟನೆಯ ಒಡಕು ಇನ್ನೂ ಹಳೆಯದು. 1980ರ ನರಗುಂದ–ನವಲಗುಂದ ಬಂಡಾಯದ ಬೆನ್ನಿಗೆ ಹುಟ್ಟಿದ ರೈತ ಸಂಘ ಕಾಲಕ್ರಮದಲ್ಲಿ ಹಲವು ಬಣಗಳಾಯಿತು. ಈ ಕಡೆ ಒಬ್ಬರು, ಮೈಸೂರು ಕಡೆ ಇನ್ನೊಬ್ಬರು ನಾಯಕರು. ಗಡಿಯಾಚೆ ಕೊಲ್ಲಾಪುರ ಸೀಮೆಯಲ್ಲಿ ರಾಜು ಶೆಟ್ಟಿಯವರ ಸ್ವಾಭಿಮಾನಿ ಶೇತಕರಿ ಸಂಘಟನೆ ಪ್ರತಿ ಹಂಗಾಮಿಗೂ ಜಯಸಿಂಗಪುರದಲ್ಲಿ ಪರಿಷತ್ತು ಸೇರಿಸಿ ದರ ಕೇಳುತ್ತದೆ. ನಿಪ್ಪಾಣಿ ದಾಟಿದರೆ ಬೇರೆ ದರ ಎಂಬುದು ನಮ್ಮ ರೈತರಿಗೆ ವರ್ಷವರ್ಷವೂ ಚುಚ್ಚುವ ಮಾತು.

ಗುರ್ಲಾಪುರದಲ್ಲಿ ಇದೆಲ್ಲವನ್ನೂ ಒಂದು ಪೆಂಡಾಲಿನಡಿ ಹಿಡಿದಿಟ್ಟವರು ರೈತ ಮುಖಂಡರಾದ ಚೂನಪ್ಪ ಪೂಜಾರಿ, ಶಶಿಕಾಂತ ಪಡಸಲಗಿ ಗುರೂಜಿ ಮತ್ತು ಅವರ ಜೊತೆಗಾರರು. ಸುತ್ತಲ ಹಳ್ಳಿಗಳಿಂದ ರೊಟ್ಟಿ ಬಂತು, ಮಠಾಧೀಶರು ಬಂದರು. ಬಿಜೆಪಿ ರಾಜ್ಯಾಧ್ಯಕ್ಷ ವಿಜಯೇಂದ್ರ ಬಂದು ರಾತ್ರಿ ಅಲ್ಲೇ ತಂಗಿದರು. ಸಂಧಾನಕ್ಕೆ ಸಚಿವರು ಬಂದಾಗ ಕೂಗಾಟವೂ ಆಯಿತು. ಆದರೂ ದಿನಗಟ್ಟಲೆ ಅಷ್ಟು ಜನ ಕೂತ ಜಾಗದಲ್ಲಿ, ಒಪ್ಪುವುದೋ ಬಿಡುವುದೋ ಎಂಬ ಚರ್ಚೆ ವೇದಿಕೆಯ ಮೇಲೆ, ಎಲ್ಲರ ಎದುರು ನಡೆಯಿತು. ನನಗೆ ಮುಖ್ಯವಾಗಿ ಕಾಣುವುದು ಇದೇ. ಮುಚ್ಚಿದ ಕೋಣೆಯಲ್ಲಿ ಸಹಿಯಾದ ಒಪ್ಪಂದಕ್ಕೆ ‘ಮಾರಿಕೊಂಡರು’ ಎಂಬ ಅಪವಾದ ಅಂಟಿಕೊಳ್ಳುವುದು ಬೇಗ.

ಎಲ್ಲ ಕಡೆ ಆ ಸಂಯಮ ಉಳಿಯಲಿಲ್ಲ. ದರ ಘೋಷಿಸಿದ ಮುಖ್ಯಮಂತ್ರಿಗಳ ಸಭೆ ನಡೆದ ದಿನವೇ ಹುಕ್ಕೇರಿ ತಾಲೂಕಿನ ಹತ್ತರಗಿ ಟೋಲ್ ಬಳಿ ಹೆದ್ದಾರಿಯಲ್ಲಿ ಕಲ್ಲು ತೂರಾಟವಾಯಿತು. ಪೊಲೀಸರು ಗಾಯಗೊಂಡರು, ಲಾಠಿ ಬೀಸಿದರು. ಗುರ್ಲಾಪುರದವರು ದರ ಒಪ್ಪಿ ಧರಣಿ ಮುಗಿಸಿದ ಮೇಲೆ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳದ ರೈತರು ಒಪ್ಪಲಿಲ್ಲ. ರಿಕವರಿಗೆ ಕಟ್ಟಿದ ದರ ಬೇಡ ಎಂದರು. ನವೆಂಬರ್ 13ರಂದು ಅದೇ ಭಾಗದ ಸಮೀರವಾಡಿ ಕಾರ್ಖಾನೆಯ ಬಳಿ ಕಬ್ಬು ಹೇರಿದ್ದ ಹತ್ತಾರು ಟ್ರೇಲರುಗಳು ಬೆಂಕಿಗೆ ಆಹುತಿಯಾದವು. ಸುಟ್ಟದ್ದು ಯಾವನೋ ಬೆಳೆಗಾರನ ವರ್ಷದ ದುಡಿಮೆ, ಇನ್ಯಾವನೋ ಸಾಲ ಮಾಡಿ ಕೊಂಡ ಗಾಡಿ.

ಮುಧೋಳದವರು ಒಪ್ಪದಿದ್ದುದು ತಪ್ಪಲ್ಲ. ಸರ್ಕಾರದ ಆದೇಶ ನೋಡಿದರೆ ಅವರ ಆತಂಕ ತಿಳಿಯುತ್ತದೆ: 3,300 ಸಿಗುವುದು ಶೇ 11.25 ರಿಕವರಿಗೆ, ಶೇ 10.25 ಇದ್ದರೆ 3,200. ಗುರ್ಲಾಪುರದವರು ಒಪ್ಪಿದ್ದೂ ದ್ರೋಹವಲ್ಲ, ಅವರ ಕಬ್ಬು ಹೊಲದಲ್ಲಿ ನಿಂತಿತ್ತು. ಕಡಿಯುವ ಪಾಳಿ ಕಾಯುವವನಿಗೆ ಈ ಎರಡೂ ಮಾತು ಅರ್ಥವಾಗುತ್ತವೆ. ಮುಂದಿನ ಹಂಗಾಮಿಗೂ ಇವರೆಲ್ಲ ಒಂದೇ ಕಾಟಾದ ಮುಂದೆ ಟ್ರಾಕ್ಟರ್ ನಿಲ್ಲಿಸಬೇಕು. ಅಷ್ಟರೊಳಗೆ ಬಣಗಳೆಲ್ಲ ಕೂಡಿ ಮೊದಲು ಕೇಳಬೇಕಾದ್ದು ರಿಕವರಿ ಅಳೆಯುವಾಗ ಕಾರ್ಖಾನೆಯ ಪ್ರಯೋಗಾಲಯದಲ್ಲಿ ತಮ್ಮವನೂ ಒಬ್ಬ ನಿಂತಿರಲಿ ಎಂಬುದನ್ನು.