ಯಾಡಿ ಹೇಳುವುದನ್ನು ಯಾರು ಕೇಳುತ್ತಾರೆ?

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರುವರಿಯಲ್ಲಿ ಹೋಗಬೇಕು. ಸಂತ ಸೇವಾಲಾಲರ ಜಯಂತಿಗೆ ನಾನಾ ರಾಜ್ಯಗಳ ಬಂಜಾರರು ಅಲ್ಲಿ ಸೇರುತ್ತಾರೆ. ಎಲ್ಲಿ ಕಿವಿಗೊಟ್ಟರೂ ಗೋರ್ ಬೋಲಿ, ನಮ್ಮ ಬಾಯಲ್ಲಿ ಲಂಬಾಣಿ. ಅಲ್ಲಿ ಕುಣಿದ ಹುಡುಗನೇ ನಾಳೆ ನಿದ್ದೆಗೆಟ್ಟು, ಊಟ ಸೇರದೆ, ಜೀವ ಬೇಡವೆನಿಸಿ ಆಸ್ಪತ್ರೆಗೆ ಹೋದರೆ ಆ ಮಾತನ್ನು ಗೇಟಿನಾಚೆಯೇ ಬಿಟ್ಟು ಒಳಗೆ ಕಾಲಿಡುತ್ತಾನೆ.

‘ಅವರಿಗೆಲ್ಲ ಕನ್ನಡ ಬರುತ್ತಲ್ಲ’ ಎನ್ನುತ್ತೇವೆ. ಬರುತ್ತದೆ, ನಿಜ. ಚನ್ನಗಿರಿ, ಹೊನ್ನಾಳಿ, ಜಗಳೂರಿನ ತಾಂಡಾಗಳ ಮಕ್ಕಳು ಕನ್ನಡದಲ್ಲೇ ಓದಿ ಪರೀಕ್ಷೆ ಬರೆದವರು. ಜ್ವರ ಎಷ್ಟು ದಿನದಿಂದ ಎಂದು ಕೇಳಿದರೆ ಆ ಕನ್ನಡ ಸಾಕು. ಸಾಯಬೇಕು ಅನಿಸಿದೆಯಾ ಎಂದು ಕೇಳಿದಾಗ ಶಾಲೆಯಲ್ಲಿ ಕಲಿತ ಮಾತು ನಾಲಿಗೆಯ ಮೇಲೇ ನಿಂತುಬಿಡುತ್ತದೆ.

ಜೊತೆಗೆ ಯಾಡಿ, ಅಂದರೆ ತಾಯಿ, ಬಂದಿರುತ್ತಾಳೆ. ಮಗ ರಾತ್ರಿಯೆಲ್ಲ ಅಂಗಳದಲ್ಲಿ ಸುತ್ತಿದ್ದು, ಕಬ್ಬು ಕಡಿಯಲು ಹೋಗಿ ಬಂದ ಮೇಲೆ ಮಾತು ಬಿಟ್ಟಿದ್ದು, ಎಲ್ಲ ಕಂಡವಳು ಅವಳು. ಮನೋವೈದ್ಯರಿಗೆ ಮನೆಯವರ ಮಾತು ಪರೀಕ್ಷೆಯ ಅರ್ಧ ಭಾಗ. ಆದರೆ ಅವಳ ಕನ್ನಡ ಸಂತೆಯ ವ್ಯವಹಾರಕ್ಕೆ ಸಾಕಾಗುವಷ್ಟು ಮಾತ್ರವಿದ್ದರೆ, ಅವಳ ಮಾತನ್ನು ವೈದ್ಯರಿಗೆ ತಿಳಿಸಬೇಕಾದವನು ಅದೇ ಮಗ! ನಾಚಿಕೆಯಾದದ್ದನ್ನು ಅವನು ನುಂಗಿಕೊಳ್ಳುತ್ತಾನೆ. ಮದುವೆಯಲ್ಲಿ ವಧು ಗೆಳತಿಯರನ್ನು ತಬ್ಬಿ ಅಳುತ್ತಲೇ ಹಾಡುವ ‘ಢಾವಲೊ’ ಲಂಬಾಣಿಯದೇ ಹಾಡು. ಅಳುವಿಗೇ ಒಂದು ರಾಗ ಕೊಟ್ಟ ಜನ ಆಸ್ಪತ್ರೆಯ ಬೆಂಚಿನ ಮೇಲೆ ‘ತಲೆನೋವು, ಸುಸ್ತು’ ಎಂದು ಎರಡು ಮಾತಿಗೆ ಸುಮ್ಮನಾಗುವುದು ನನ್ನನ್ನು ಕಲಕುತ್ತದೆ.

ಸೌಲಭ್ಯಗಳೇ ಇಲ್ಲವೆಂದಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ‘ಮನೋಚೈತನ್ಯ’ ಯೋಜನೆಯಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಅದರ 20 ಭಾಷೆಗಳಲ್ಲಿ ಕನ್ನಡವಿದೆ, ಉರ್ದುವಿದೆ, ಲಂಬಾಣಿ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೋ, ಆಸ್ಪತ್ರೆಗೆ ಸೇರಿದವರಿಗೆ ಮಾಹಿತಿಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಎನ್ನುತ್ತದೆ.

ಈ ಭಾಷೆ ಕಣ್ಣಿಗೆ ಬೀಳದಿರುವುದಕ್ಕೆ ಲೆಕ್ಕದ ಪುಸ್ತಕವೂ ಕಾರಣ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ತಾಯ್ನುಡಿ ಎಂದು ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಅಷ್ಟೂ ಜನರನ್ನು ಹಿಂದಿಯ ಖಾತೆಗೆ ಸೇರಿಸಲಾಗಿದೆ.

ದಾರಿ ದೂರದಲ್ಲಿಲ್ಲ. 1985ರಲ್ಲಿ ನಿಮ್ಹಾನ್ಸ್ ಜಗಳೂರಿಗೆ ಅಂಟಿಕೊಂಡಿದ್ದ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮನೋರೋಗ ಗುರುತಿಸಲು ಕಲಿಸಿತು. ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ ಪ್ರಯೋಗ. ಹಾಗಿರುವಾಗ ತಾಂಡಾದ್ದೇ ಹೆಣ್ಣುಮಗಳಾದ ಆಶಾ ಕಾರ್ಯಕರ್ತೆಗೆ ತರಬೇತಿ ಕೊಟ್ಟು, ಗೌರವಧನ ಕೊಟ್ಟು, ಗುಟ್ಟು ಕಾಯುವ ಹೊಣೆಯನ್ನೂ ಒಪ್ಪಿಸಿ, ಮಂಗಳವಾರ ವೈದ್ಯರ ಪಕ್ಕ ದುಭಾಷಿಯಾಗಿ ಕೂರಿಸಲು ಏನಡ್ಡಿ? ಮಗ ಅರೆಗಳಿಗೆ ಹೊರಗಿರಲಿ. ಯಾಡಿ ತನ್ನ ಮಾತಿನಲ್ಲೇ ಮೊದಲಿನಿಂದ ಹೇಳಲಿ.