ಹಿಡಿಸದ ಕಥೆ ಸಾಹಿತ್ಯವಲ್ಲವೇ?

‘ಈ ಕಥೆ ನನಗೆ ಹಿಡಿಸಲಿಲ್ಲ’ ಎನ್ನುವುದೂ ‘ಇದು ಸಾಹಿತ್ಯವೇ ಅಲ್ಲ’ ಎನ್ನುವುದೂ ಒಂದೇ ಮಾತಲ್ಲ. ಆದರೆ ನಮ್ಮ ಮನೆಗಳಲ್ಲಿ ಮೊದಲನೆಯದನ್ನು ಹೇಳಬೇಕಾದ ಕಡೆ ಎರಡನೆಯದನ್ನು ಹೇಳಿಬಿಡುತ್ತೇವೆ. ಮಗಳ ಕೈಯಲ್ಲಿರುವ ಪುಸ್ತಕ ಕಪಾಟಿನಲ್ಲಿ ಉಳಿಯಬೇಕೋ ರದ್ದಿಗೆ ಹೋಗಬೇಕೋ ಎಂಬುದು ಆ ಒಂದು ಮಾತಿನಲ್ಲಿ ತೀರ್ಮಾನವಾಗುತ್ತದೆ.

ಅರಬಿ, ಉರ್ದು ಭಾಷೆಗಳಲ್ಲಿ ‘ಅದಬ್’ ಎಂದರೆ ಸಾಹಿತ್ಯವೂ ಹೌದು, ಸಭ್ಯತೆಯೂ ಹೌದು. ಆದ್ದರಿಂದ ಸಭ್ಯವಲ್ಲದ್ದು ಸಾಹಿತ್ಯವೂ ಅಲ್ಲ ಎಂದು ವಾದಿಸುವುದು ಸುಲಭ. ಆದರೂ ಇಸ್ಲಾಮಿಗೆ ಮುಂಚಿನ ಕವಿ ಇಮ್ರುಲ್ ಖೈಸ್‌ನ ಕಾವ್ಯ ಅನೇಕ ಮದ್ರಸಗಳ ಪಠ್ಯದಲ್ಲಿದೆ. ಅವನ ಪ್ರಣಯ ವರ್ಣನೆಯನ್ನು ಯಾವ ಉಸ್ತಾದರೂ ಸಭ್ಯವೆನ್ನಲಾರರು. ಭಾಷೆಯ ಸೊಗಸಿಗಾಗಿ ಕಲಿಸುತ್ತಾರೆ. (ನಾವೂ ತಲೆ ತಗ್ಗಿಸಿಕೊಂಡೇ ಕಲಿತೆವು!)

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರಲ್ಲಿ ನಮ್ಮ ಬೆಂಗಳೂರಿನಲ್ಲಿ ಓದಿದ ಹೆಣ್ಣುಮಗಳೊಬ್ಬರಿದ್ದಾರೆ. ಅವರೇ ಮುಮ್ತಾಝ್ ಶೀರೀನ್. 1924ರಲ್ಲಿ ಹಿಂದೂಪುರದಲ್ಲಿ ಜನಿಸಿ, ಮಹಾರಾಣಿ ಕಾಲೇಜಿನಲ್ಲಿ ಕಲಿತು, 1944ರಲ್ಲಿ ಪತಿ ಸಮದ್ ಶಾಹೀನ್‌ರೊಂದಿಗೆ ಬೆಂಗಳೂರಿನಿಂದ ‘ನಯಾ ದೌರ್’ ಎಂಬ ಉರ್ದು ಸಾಹಿತ್ಯ ಪತ್ರಿಕೆ ಹೊರತಂದರು. ಆಗ ಅವರ ವಯಸ್ಸು ಸುಮಾರು ಇಪ್ಪತ್ತು! ದೇಶ ವಿಭಜನೆಯ ಬಳಿಕ ಕರಾಚಿಗೆ ಹೋದರು. ಅವರ ವಿಮರ್ಶಾ ಲೇಖನಗಳ ಸಂಕಲನ 1963ರಲ್ಲಿ ಬಂತು. ಹೆಸರು ‘ಮೆಯಾರ್’, ಅಂದರೆ ಮಾನದಂಡ.

ಅಶ್ಲೀಲವೆಂಬ ಆರೋಪದಲ್ಲಿ ಕೋರ್ಟು ಮೆಟ್ಟಿಲೇರಿದ ಸಆದತ್ ಹಸನ್ ಮಂಟೋನ ಕಥೆಗಳನ್ನು ಶೀರೀನ್ ಸಮರ್ಥಿಸಿದರು. ಬರೀ ‘ನನಗೆ ಇಷ್ಟ’ ಎಂದಲ್ಲ, ಕಾರಣ ಕೊಟ್ಟು. ಅವರು 1973ರಲ್ಲಿ ನಿಧನರಾದರು. ಮಂಟೋ ಕುರಿತ ಅವರ ಪುಸ್ತಕ ಬೆಳಕು ಕಂಡದ್ದು 1985ರಲ್ಲಿ. ಇಕ್ಬಾಲರ ಸಾಲಿನಿಂದ ಆಯ್ದ ಅದರ ಹೆಸರು ‘ನೂರಿ ನ ನಾರಿ’. ಮಲಕ್‌ಗಳ ಸೃಷ್ಟಿ ಪ್ರಕಾಶದಿಂದ, ಜಿನ್ನ್‌ಗಳದ್ದು ಬೆಂಕಿಯಿಂದ. ಮನುಷ್ಯ ಮಣ್ಣಿನವನು. ಮಂಟೋನ ಪಾತ್ರಗಳು ದೇವದೂತರೂ ಅಲ್ಲ, ಶೈತಾನರೂ ಅಲ್ಲ, ಆ ಮಣ್ಣಿನ ಮನುಷ್ಯರು.

ಮಂಟೋನ ‘ಠಂಡಾ ಗೋಶ್ತ್’ ನನಗೆ ಹಿಡಿಸುವುದಿಲ್ಲ. ಒಂಬತ್ತನೇ ತರಗತಿಯ ಹುಡುಗಿಗೆ ಕೊಡುವುದೂ ಇಲ್ಲ. ಅದು ನನ್ನ ಅಭಿರುಚಿ, ಅವಳ ವಯಸ್ಸಿನ ಮಾತು. ಆ ಕಥೆಯ ಸಾಹಿತ್ಯ ಗುಣ ಇದರಿಂದ ಕಡಿಮೆಯಾಗದು.

ಇನ್ನು, ನಮ್ಮ ಮನೆಗಳಲ್ಲಿ ಓಡಾಡುವ ಕೆಲವು ಧಾರಾವಾಹಿ ಕಾದಂಬರಿಗಳನ್ನು ನೋಡಿ. ಒಂದೂ ಕೆಟ್ಟ ಪದವಿಲ್ಲ. ಸೊಸೆ ಸದಾ ಸಹನಶೀಲೆ, ಕೊನೆಯ ಕಂತಿನಲ್ಲಿ ಅತ್ತೆಯ ಮನಸ್ಸು ಕರಗುತ್ತದೆ. ಹಲಸೂರಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಅಂಥದ್ದೊಂದನ್ನು ಓದಿ ಮುಗಿಸಿ, “ಇದರಲ್ಲಿ ನಮ್ಮ ಅಮ್ಮಿಯಂಥವರು ಎಲ್ಲೂ ಇಲ್ಲವಲ್ಲ ಟೀಚರ್?” ಎಂದಳು. ಅವಳ ತಾಯಿ ಶಿವಾಜಿನಗರದ ಅಂಗಡಿಗಳಿಗೆ ಬಟ್ಟೆ ಹೊಲಿದುಕೊಟ್ಟು ಮನೆ ನಡೆಸುವವರು. ಸಿಟ್ಟು ಬಂದಾಗ ಸಿಟ್ಟು ತೋರಿಸುವವರು.

ಈಗ ಆ ಹುಡುಗಿ ಮಂಟೋ ಕೇಳುತ್ತಿದ್ದಾಳೆ. ಎರಡು ವರ್ಷ ಕಾಯಲು ಹೇಳಿದ್ದೇನೆ.